ಪಿಕಪ್: ವೀಲ್ ಸಿಲಿಂಡರ್ ಹೊಸದು, ಆದರೂ ಬ್ರೇಕ್ ಆಯಿಲ್ ಇಳಿಯುತ್ತಿದೆ

ಬಂದರು ಪಿಕಪ್:
2010ರ ಡೀಸೆಲ್ ಪಿಕಪ್, ಮಲ್ಪೆಯಿಂದ ಮೀನು ಲೋಡು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ನಾಲ್ಕೈದು ದಿನಕ್ಕೆ ಬ್ರೇಕ್ ಆಯಿಲ್ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯುತ್ತದೆ. ಪೆಡಲ್ ಒತ್ತಿ ಹಿಡಿದರೆ ಮೆಲ್ಲ ಕೆಳಗೆ ಕೂರುತ್ತದೆ. ಹಿಂದಿನ ಎಡ ಚಕ್ರದ ಒಳಬದಿ ಒದ್ದೆ ಇತ್ತು, ಎರಡೂ ವೀಲ್ ಸಿಲಿಂಡರ್ (ಡ್ರಮ್ಮಿನೊಳಗೆ ಬ್ರೇಕ್ ಶೂ ತಳ್ಳುವುದು) ಬದಲಿಸಿ ಆಯ್ತು. ಒದ್ದೆ ಹಾಗೇ ಇದೆ. ಈಗ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಚಕ್ರಗಳಿಗೆ ಆಯಿಲ್ ತಳ್ಳುವುದು) ಹೋಗಿದೆ ಅಂತಾರೆ. ಹೌದಾ?

ಹತ್ತರ ಪಾನಾ:
ಅದಕ್ಕೆ ದುಡ್ಡು ಹಾಕುವ ಮೊದಲು ಒಂದು ಲೆಕ್ಕ. ಮಾಸ್ಟರ್ ಸಿಲಿಂಡರಿನ ಒಳಗಿನ ವಾಷರ್ ಸವೆದರೆ ಪೆಡಲ್ ಇಳಿಯುತ್ತದೆ, ಆದರೆ ಆಯಿಲ್ ಒಳಗೇ ತಿರುಗಿ ಡಬ್ಬಿಗೆ ಬರುತ್ತದೆ, ಮಟ್ಟ ಇಳಿಯುವುದಿಲ್ಲ. ನಿಮ್ಮದರಲ್ಲಿ ಮಟ್ಟ ಇಳಿಯುತ್ತಿದೆ, ಅಂದರೆ ಆಯಿಲ್ ಹೊರಗೆ ಹೋಗುತ್ತಿದೆ. ಒಂದೇ ಅಪವಾದ ಹಿಂದಿನ ಸೀಲ್: ಅದು ಸೋರಿದರೆ ಆಯಿಲ್ ಬೂಸ್ಟರ್ (ಪೆಡಲಿನ ಒತ್ತಿಗೆ ಬಲ ಕೂಡಿಸುವ ಭಾಗ) ಒಳಗೆ ಸೇರುತ್ತದೆ, ಹೊರಗೆ ಹನಿಯೂ ಕಾಣದು. ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಿ, ಪೈಪ್ ಬಾಗದ ಹಾಗೆ ಒಂದಿಷ್ಟು ಮುಂದಕ್ಕೆ ಎಳೆದು ಹಿಂಬದಿಗೆ ಬೆರಳು ಆಡಿಸಿ ನೋಡಿ. ಒಣಗಿದ್ದರೆ ಅದನ್ನು ಬಿಟ್ಟುಬಿಡಿ.

ಚಕ್ರದ ಒದ್ದೆ ಏನೆಂದು ಖಚಿತ ಮಾಡಿಕೊಳ್ಳಿ. ಒಂದು ಹನಿಯನ್ನು ಲೋಟದ ನೀರಿಗೆ ಹಾಕಿ. ಬ್ರೇಕ್ ಆಯಿಲ್ ನೀರಲ್ಲಿ ಕರಗಿಹೋಗುತ್ತದೆ; ಹೌಸಿಂಗ್ (ಹಿಂದಿನ ಆಕ್ಸಲಿನ ಕವಚ) ಒಳಗಿನ ಗೇರ್ ಆಯಿಲ್ ಮೇಲೆ ತೇಲುತ್ತದೆ, ಗಂಧಕದ ವಾಸನೆಯೂ ಇರುತ್ತದೆ. ಕರಗಿದರೆ ಚಕ್ರ ಬಿಟ್ಟು ಚಾಸಿ ಗುಂಟ ಹಿಂದಕ್ಕೆ ಹೋಗುವ ಬ್ರೇಕ್ ಪೈಪ್ ನೋಡಿ. ಪೈಪಿನ ಮೇಲೆ ಹನಿ ಹರಿದುಬಂದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ತೂತು ಇರುವುದು ಮೂರಡಿ ಮುಂದೆ.

ಮೀನಿನ ಗಾಡಿಯಾದರೆ ಜಾಗ ಹೆಚ್ಚುಕಮ್ಮಿ ಗೊತ್ತೇ ಇದೆ. ಐಸ್ ಕರಗಿದ ಉಪ್ಪುನೀರು ಟ್ರೇಯ ಸಂದಿಯಿಂದ ಚಾಸಿ ಮೇಲೆ ಬೀಳುತ್ತದೆ. ಬಯಲಾಗಿರುವ ಪೈಪು ಒಣಗುತ್ತದೆ. ಕ್ಲಿಪ್ಪಿನ ಅಡಿಯಲ್ಲಿ ಕೆಸರು, ಉಪ್ಪು ಎರಡೂ ಕೂತು ವರ್ಷವಿಡೀ ಪಸೆ. ಪ್ರತಿ ಕ್ಲಿಪ್ ಬಿಚ್ಚಿ ವೈರ್ ಬ್ರಷ್ ಹಾಕಿ. ತುಕ್ಕಿನ ಹೊಪ್ಪಳೆ ಎದ್ದು ಕೆಳಗೆ ಗುಳಿ ಕಂಡರೆ ಅಲ್ಲೇ. ಆಮೇಲೆ ಇಂಜಿನ್ ಚಾಲೂ ಇಟ್ಟು ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಬದಿಯಿಂದ ನೋಡಲಿ, ಕನ್ನಡಕ ಹಾಕಿಕೊಂಡು. ಚಕ್ರಕ್ಕೆ ಅಡ್ಡ ಕಲ್ಲು ಕೊಡುವುದು ಮರೆಯಬೇಡಿ. ಅಲ್ಲಿಯವರೆಗೆ ಗಾಡಿ ರಸ್ತೆಗೆ ಬೇಡ.

ಬಂದರು ಪಿಕಪ್:
ಸಿಕ್ಕಿತು. ಡೀಸೆಲ್ ಟ್ಯಾಂಕಿನ ಮೇಲಿನ ಕ್ಲಿಪ್ ಅಡಿಯಲ್ಲಿ ಸೂಜಿ ತೂತು, ಒತ್ತಿದಾಗ ಮಾತ್ರ ಚಿಮ್ಮುತ್ತದೆ. ಅಷ್ಟು ತುಂಡು ಕತ್ತರಿಸಿ ಗ್ಯಾಸ್ ವೆಲ್ಡಿಂಗ್ ಮಾಡಿ ಜೋಡಿಸಬಹುದಾ?

ಡ್ರಮ್ಮು ಶೂ:
ವೆಲ್ಡಿಂಗ್ ಯಾಕೆ, ಫ್ರಿಜ್ ಅಂಗಡಿಯಲ್ಲಿ ತಾಮ್ರದ ಪೈಪ್ ಸಿಗ್ತದೆ. ಅಗ್ಗ, ಕೈಯಲ್ಲೇ ಬಗ್ಗುತ್ತದೆ, ತುಕ್ಕೂ ಇಲ್ಲ.

ಹತ್ತರ ಪಾನಾ:
ಎರಡೂ ಬೇಡ ಮಾರಾಯ್ರೆ. ಜೋರಾಗಿ ಬ್ರೇಕ್ ಹೊಡೆದಾಗ ಪೈಪಿನೊಳಗೆ ಸುಮಾರು 100 ಬಾರ್ ಒತ್ತಡ. ಟೈರಿನಲ್ಲಿ ಇರುವುದು ಮೂರು ನಾಲ್ಕು. ವೆಲ್ಡಿಂಗ್ ಬಿಸಿಗೆ ಪಕ್ಕದ ತೆಳುವಾದ ಗೋಡೆ ಇನ್ನೂ ದುರ್ಬಲವಾಗುತ್ತದೆ. ಬರೀ ತಾಮ್ರ ನಡುಗಿ ನಡುಗಿ ಗಡುಸಾಗಿ ಫ್ಲೇರ್ (ನಟ್ಟಿನಲ್ಲಿ ಕೂರಲು ಅಗಲಿಸಿದ ಪೈಪಿನ ತುದಿ) ಬುಡದಲ್ಲಿ ಸೀಳುತ್ತದೆ. ಒಂದು ತೂತು ಬಿದ್ದಿದೆ ಅಂದರೆ ಉಳಿದ ಕ್ಲಿಪ್ಪುಗಳ ಅಡಿಯೂ ಅದೇ ವಯಸ್ಸಿನದು, ಪೂರ್ತಿ ಹಿಂದಿನ ಪೈಪ್ ಬದಲಿಸಿ.

ಹೊರ ಅಳತೆ ಸಾಮಾನ್ಯವಾಗಿ 4.75 ಮಿ.ಮೀ., ಹಳೆಯದನ್ನು ಅಳೆದೇ ತನ್ನಿ. ಕರಾವಳಿಗೆ ಕ್ಯುಪ್ರೋನಿಕಲ್ ಒಳ್ಳೆಯದು (90 ಭಾಗ ತಾಮ್ರ, 10 ಭಾಗ ನಿಕಲ್). ಸಿಗದಿದ್ದರೆ ಲೇಪನ ಇರುವ ಸ್ಟೀಲ್ ಬ್ರೇಕ್ ಪೈಪ್, ಅದೇನೂ ಕಳಪೆಯಲ್ಲ. ಉದ್ದವನ್ನು ಹಳೆ ಪೈಪಿನ ಗುಂಟ ದಾರ ಹಿಡಿದು ಅಳೆದು ಒಂದಡಿ ಹೆಚ್ಚು ತನ್ನಿ, ಮೊದಲ ಫ್ಲೇರ್ ಕೆಡುವುದು ಇದ್ದದ್ದೇ.

ನಟ್ ಬಿಚ್ಚಲು ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಸಾದಾ ಪಾನಾ ಮೂಲೆ ತಿನ್ನುತ್ತದೆ, ಫ್ಲೇರ್ ನಟ್ ಪಾನಾ ಬೇಕು. ಆದರೂ ಬಾರದಿದ್ದರೆ ಪೈಪನ್ನು ನಟ್ಟಿನ ಪಕ್ಕ ಕತ್ತರಿಸಿ ಆರು ಮೂಲೆಯ ಸಾಕೆಟ್ ಹಾಕಿ.

ಹೊಸ ಪೈಪನ್ನು ಪೈಪ್ ಕಟರಿನಲ್ಲೇ ಕತ್ತರಿಸಿ, ಹ್ಯಾಕ್ಸಾ ಪುಡಿ ಒಳಗೆ ಹೋದರೆ ವಾಷರ್ ಗೀರುತ್ತದೆ. ಒಳಬಾಯಿಯ ಚೂರು ತೆಗೆದು ಗಾಳಿ ಊದಿ. ಫ್ಲೇರ್ ಮಾಡುವ ಮೊದಲೇ ನಟ್ ತೂರಿಸಿ (ನಗಬೇಡಿ, ಎಲ್ಲರೂ ಒಮ್ಮೆ ಮರೆಯುತ್ತಾರೆ). ಹಳೆ ತುದಿ ಒಳಗೆ ಮಡಿಚಿದ ಡಬಲ್ ಫ್ಲೇರೋ, ಅಣಬೆಯಂತೆ ಉಬ್ಬಿದ ಬಬಲ್ ಫ್ಲೇರೋ ನೋಡಿ ಅದನ್ನೇ ಮಾಡಿ. ಒಂದರ ಜಾಗಕ್ಕೆ ಇನ್ನೊಂದು ಕೂತ ಹಾಗೆ ಕಾಣುತ್ತದೆ, ಆದರೆ ಸೋರುತ್ತದೆ. ಸಿಂಗಲ್ ಫ್ಲೇರ್ ಬೇಡವೇ ಬೇಡ.

ಇನ್ನೊಂದು, ಮಳೆಗಾಲದ ಮೊದಲು ಚಾಸಿಗೆ ಹಳೆ ಇಂಜಿನ್ ಆಯಿಲ್ ಹೊಡೆಸುವ ರೂಢಿ ಇದೆಯಲ್ಲ, ಆಗ ರಬ್ಬರ್ ಹೋಸಿಗೆ ಪ್ಲಾಸ್ಟಿಕ್ ಸುತ್ತಿ. ಆಯಿಲ್ ತಾಗಿದ ರಬ್ಬರ್ ಊದಿ ಮೆತ್ತಗಾಗುತ್ತದೆ.

ಬಂದರು ಪಿಕಪ್:
ಪೈಪ್ ಹಾಕಿ ಆಯ್ತು. ಹಿಂದಿನ ಎರಡೂ ನಿಪ್ಪಲ್ (ಏರ್ ತೆಗೆಯುವ ಸ್ಕ್ರೂ) ಬಿಚ್ಚಿದರೂ ಆಯಿಲ್ ಬರುವುದೇ ಇಲ್ಲ, ಒಂದೆರಡು ಗುಳ್ಳೆ ಅಷ್ಟೇ. ಮುಂದೆ ಚೆನ್ನಾಗಿ ಬರ್ತಾ ಇದೆ.

ಘಾಟಿ ಗೇರು:
ಜಾಕಿ ಎಲ್ಲಿ ಕೊಟ್ಟಿದ್ದೀರಿ? ಚಾಸಿಗೆ ಕೊಟ್ಟು ಚಕ್ರ ನೇತಾಡುತ್ತಿದ್ದರೆ ಅದೇ ಕಾರಣ ಇರಬಹುದು. ಹಿಂದಿನ ಹೌಸಿಂಗಿಗೆ ಸರಳಿನಿಂದ ಜೋಡಿಸಿದ ಲೋಡ್ ವಾಲ್ವ್ ಇದೆ. ಹೌಸಿಂಗ್ ಕೆಳಗೆ ಜೋತುಬಿದ್ದರೆ ಗಾಡಿ ಖಾಲಿ ಎಂದು ತಿಳಿದು ಹಿಂದಿನ ಒತ್ತಡ ತಗ್ಗಿಸುತ್ತದೆ, ಕೆಲವದರಲ್ಲಿ ಹೆಚ್ಚುಕಮ್ಮಿ ಮುಚ್ಚಿಯೇ ಹೋಗುತ್ತದೆ. ಸ್ಟ್ಯಾಂಡನ್ನು ಹೌಸಿಂಗ್ ಅಡಿಗೆ ಕೊಟ್ಟು ಮತ್ತೆ ನೋಡಿ. ಸರಳು ತುಕ್ಕು ಹಿಡಿದು ಬಿಗಿದಿದೆಯಾ ಎಂದೂ ಕೈಯಲ್ಲಿ ಆಡಿಸಿ ನೋಡಿ.

ಆಗಲೂ ಬಾರದಿದ್ದರೆ ಮುಂದಿನಿಂದ ಹಿಂದಕ್ಕೆ ಒಂದೊಂದೇ ನಟ್ ಸಡಿಲಿಸಿ: ವಾಲ್ವಿಗೆ ಬರುವ ನಟ್, ವಾಲ್ವಿನಿಂದ ಹೋಗುವ ನಟ್, ಕೊನೆಗೆ ಹೋಸ್. ಎಲ್ಲಿ ಬಂದು ಎಲ್ಲಿ ನಿಂತಿತೋ ಅವೆರಡರ ನಡುವೆ ತೊಂದರೆ. ಹಳೆ ಹೋಸ್ ಒಳಗೇ ಊದಿ ಮುಚ್ಚಿಕೊಂಡಿರುವುದೂ ಉಂಟು.

ಏರ್ ತೆಗೆಯುವಾಗ ಪೆಡಲ್ ಅಡಿಗೆ ಮರದ ತುಂಡು ಇಡಿ. ಹಳೆ ಮಾಸ್ಟರ್ ಸಿಲಿಂಡರಿನಲ್ಲಿ ದಿನಾ ವಾಷರ್ ಓಡಾಡದ ತುದಿಯಲ್ಲಿ ತುಕ್ಕು ಇರುತ್ತದೆ. ಪೂರ್ತಿ ಒತ್ತಿದರೆ ವಾಷರ್ ಹರಿದು ನಿಜವಾಗಿಯೂ ಮಾಸ್ಟರ್ ಸಿಲಿಂಡರ್ ಹೋಗುತ್ತದೆ. ಡಬ್ಬಿ ಖಾಲಿಯಾಗಲು ಬಿಡಬೇಡಿ. ಮುಚ್ಚಳದಲ್ಲಿ ಡಾಟ್ 3 ಎಂದಿದ್ದರೆ ಡಾಟ್ 4 ಹಾಕಬಹುದು, ಡಾಟ್ 5 ಸಿಲಿಕೋನ್, ಅದನ್ನು ಬೆರೆಸಬೇಡಿ. ಒಂದು ಲೀಟರ್ ಸೀಲ್ ಡಬ್ಬ ತನ್ನಿ. ತೆರೆದಿಟ್ಟದ್ದು ನೀರು ಹೀರುತ್ತದೆ: ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಹೀರಿದ್ದಕ್ಕೆ ಆ ಮಿತಿ 155. ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗಿ ಆಯಿಲ್ ಕುದ್ದರೆ ಪೆಡಲ್ ಮೆತ್ತಗಾಗುತ್ತದೆ, ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ.

ಬಂದರು ಪಿಕಪ್:
ಹೌಸಿಂಗ್ ಅಡಿಗೆ ಸ್ಟ್ಯಾಂಡ್ ಕೊಟ್ಟ ಕೂಡಲೇ ಆಯಿಲ್ ಬಂತು. ಪೆಡಲ್ ಗಟ್ಟಿ, ಮಟ್ಟ ನಿಂತಿದೆ. ವಾಲ್ವಿನ ನಟ್ ಮಾತ್ರ ಸಣ್ಣಗೆ ಬೆವರುತ್ತದೆ.

ಘಾಟಿ ಗೇರು:
ಬಲ ಹಾಕಿ ಬಿಗಿಯಬೇಡಿ, ಫ್ಲೇರ್ ಸೀಳೀತು. ಎರಡು ಸಲ ಸಡಿಲಿಸಿ ಬಿಗಿ ಮಾಡಿ, ಫ್ಲೇರ್ ಕೂರುತ್ತದೆ. ಒರೆಸಿ, ಅರ್ಧ ನಿಮಿಷ ಪೆಡಲ್ ಒತ್ತಿ ಹಿಡಿದು ಟಿಶ್ಯೂ ಸುತ್ತಿ ನೋಡಿ. ಮತ್ತೂ ಒದ್ದೆಯಾದರೆ ಆ ತುದಿ ಕತ್ತರಿಸಿ ಹೊಸ ಫ್ಲೇರ್ ಮಾಡಿ, ಒಂದಡಿ ಹೆಚ್ಚು ತಂದಿದ್ದೀರಲ್ಲ. ಆಯಿಲ್ ಕುಡಿದ ಶೂಗಳನ್ನು ಎರಡೂ ಬದಿ ಒಟ್ಟಿಗೇ ಬದಲಿಸಿ. ತೊಳೆದು ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.