‘ಕಣ್ಗಾವಲು’ ಇಲ್ಲಿ ಸರಿಯಾದ ಪದವೇ?

ಗೆಳೆಯರೇ,

ಬ್ರಿಟನ್ನಿನ 2016ರ ತನಿಖಾ ಅಧಿಕಾರಗಳ ಕಾಯ್ದೆ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಜನರ ಫೋನ್, ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡಲು ಸರ್ಕಾರಕ್ಕೆ ಅಧಿಕಾರ ಕೊಡುವ ಕಾನೂನು ಅದು. ಎರಡನೇ ಪ್ಯಾರಾದಲ್ಲೇ ನಿಂತುಬಿಟ್ಟೆ. ಸರ್ವೇಲೆನ್ಸ್ ಅನ್ನೋದಕ್ಕೆ ಪತ್ರಿಕೆಗಳಲ್ಲಿ ‘ಕಣ್ಗಾವಲು’ ಎಂದು ಬರೆಯುತ್ತಾರೆ. ಪದ ಚೆನ್ನಾಗಿದೆ. ಆದರೆ ಅದರೊಳಗೆ ‘ಕಾವಲು’ ಇದೆ, ಅಲ್ವಾ? ಹೊಲ ಕಾಯುವವನು ಬೆಳೆಗೆ ಬೆನ್ನು ಹಾಕಿ ಕಳ್ಳ ಬರುವ ದಾರಿ ನೋಡುತ್ತಾನೆ. ಇಲ್ಲಿ ಕಣ್ಣಿರುವುದು ನಮ್ಮ ಮೇಲೆ. ಸೆರೆಮನೆಗೂ ಕಾವಲಿರುತ್ತದಲ್ಲ ಎನ್ನಬಹುದು. ಹೌದು, ಆದರೆ ಅಲ್ಲಿ ಒಳಗಿರುವವರು ಕೈದಿಗಳು. ಕಾಯ್ದೆ ಬೇಕೋ ಬೇಡವೋ ಎಂಬ ಮಾತು ಶುರುವಾಗುವ ಮೊದಲೇ ಪದ ಒಂದು ಕಡೆ ವಾಲಿರುತ್ತದೆ.

‘ಬೇಹುಗಾರಿಕೆ’ಯೂ ಹೊಂದುವುದಿಲ್ಲ. ಬೇಹು ಅಂದರೆ ಯಾರೋ ಒಬ್ಬರ ಬೆನ್ನು ಹತ್ತುವುದು. ‘ಕದ್ದಾಲಿಕೆ’ಗೆ ಕೇಳಿಸಿಕೊಳ್ಳಲು ಮಾತು ಬೇಕು. ಈ ಕಾಯ್ದೆಯಲ್ಲಿ ಕದ್ದಾಲಿಕೆಯೂ ಇದೆ, ಆದರೆ ನಾನು ಬರೆಯುತ್ತಿರುವ ಭಾಗವೇ ಬೇರೆ. ಸರ್ಕಾರ ನೋಟಿಸ್ ಕೊಟ್ಟರೆ, ಗ್ರಾಹಕರು ಯಾವ ಜಾಲತಾಣಕ್ಕೆ ಯಾವಾಗ ಹೋದರು ಎಂಬ ದಾಖಲೆಯನ್ನು ಇಂಟರ್ನೆಟ್ ಕಂಪನಿ 12 ತಿಂಗಳವರೆಗೆ ಇಟ್ಟಿರಬೇಕು. ತಾಣದ ಯಾವ ಪುಟ ಓದಿದರು ಅನ್ನೋದು ಅದರಲ್ಲಿ ಇರುವುದಿಲ್ಲ. ಆದರೆ ನೋಡಿ: ರಾತ್ರಿ ಎರಡು ಗಂಟೆಗೆ ಕ್ಯಾನ್ಸರ್ ಆಸ್ಪತ್ರೆಯ ತಾಣ, ಹತ್ತು ನಿಮಿಷ ಬಿಟ್ಟು ಜೀವವಿಮೆಯ ತಾಣ. ಒಂದು ಮಾತನ್ನೂ ಯಾರೂ ಕದ್ದು ಕೇಳಲಿಲ್ಲ. ಆದರೂ ಆ ಮನೆಯ ಕಷ್ಟ ಗೊತ್ತಾಗಿಹೋಯಿತು. ಈ ದಾಖಲೆಗೆ ಸದ್ಯ ‘ಜಾಡುಪಟ್ಟಿ’ ಎಂದು ಬರೆದಿದ್ದೇನೆ. ನೋಡುವ ಕೆಲಸಕ್ಕೆ ‘ನಿಗಾ’ ಎಂದಿದ್ದೇನೆ. ಮಗುವಿನ ಮೇಲೂ ನಿಗಾ ಇಡುತ್ತೇವೆ, ಅನುಮಾನ ಇರುವವರ ಮೇಲೂ ಇಡುತ್ತೇವೆ. ಹಾಗಾಗಿ ಅದು ಯಾವ ಕಡೆಗೂ ಜಾಸ್ತಿ ವಾಲುವುದಿಲ್ಲ ಅನ್ನಿಸಿತು.

ಇನ್ನೊಂದು ಪದ, ಪ್ರೈವೆಸಿ. 2017ರ ಆಗಸ್ಟ್‌ನಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಇದನ್ನು ಮೂಲಭೂತ ಹಕ್ಕು ಎಂದರು. ಕನ್ನಡದಲ್ಲಿ ಮಾತ್ರ ‘ಗೌಪ್ಯತೆ’, ‘ಖಾಸಗಿತನ’ ಎರಡೂ ಓಡಾಡುತ್ತಿವೆ. ನನಗೆ ‘ಗೌಪ್ಯತೆ’ ಬೇಡ. ಅದರಲ್ಲಿ ಬಚ್ಚಿಡುವ ಅರ್ಥ ಇದೆ. ‘ಬಚ್ಚಿಡೋಕೆ ಏನಿದೆ ನಿನ್ನ ಹತ್ತಿರ?’ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಅಕ್ಕನಿಗೆ ಬರೆದ ಕಾಗದದಲ್ಲಿ ಗುಟ್ಟೇನೂ ಇರಲಿಕ್ಕಿಲ್ಲ. ಆದರೂ ಅದು ಅಕ್ಕನಿಗೆ ಬರೆದದ್ದು. ಅದಕ್ಕೇ ‘ಖಾಸಗಿತನ’ವೇ ಇರಲಿ ಎಂದುಕೊಂಡಿದ್ದೇನೆ.

ಈಗ ಕೇಳಬೇಕಾದ್ದು: ತಪ್ಪು ಮಾಡಿರಲಿ ಬಿಡಲಿ, ಹೋಗಿಬರುವವರನ್ನೆಲ್ಲ ಸುಮ್ನೆ ಲೆಕ್ಕ ಇಟ್ಟು ನೋಡುವುದಕ್ಕೆ ನಿಮ್ಮ ಆಡುಮಾತಿನಲ್ಲಿ ಯಾವುದಾದರೂ ಪದ ಇದೆಯೇ? ‘ಜಾಡುಪಟ್ಟಿ’ ಓದಿದರೆ ಅರ್ಥ ಆಗುತ್ತದೆಯೇ?