ರಾಜ್ಯೋತ್ಸವಕ್ಕೆ ಮುಂಬೈಯಲ್ಲಿ ಕನ್ನಡ ಸಿನಿಮಾ: 120 ಜನಕ್ಕೆ ಯಾವ ಥಿಯೇಟರ್ ಹಿಡಿಯಬೇಕು?

ಡೊಂಬಿವಲಿ_ಕನ್ನಡಿಗ (ನವೆಂಬರ್ 2021)

ಎಲ್ಲರಿಗೂ ನಮಸ್ಕಾರ. ಕೋವಿಡ್ ಬಂದ್ ಆದಮೇಲೆ ಅಕ್ಟೋಬರ್ 22 ರಿಂದ ಮಹಾರಾಷ್ಟ್ರದಲ್ಲಿ ಥಿಯೇಟರುಗಳು ಅರ್ಧ ಸೀಟಿನ ಲೆಕ್ಕದಲ್ಲಿ ತೆರೆದಿವೆ. ರಾಜ್ಯೋತ್ಸವದ ತಿಂಗಳು ಮುಗಿಯುವುದರೊಳಗೆ ಒಂದು ಭಾನುವಾರ ಬೆಳಿಗ್ಗೆ ಕನ್ನಡ ಸಿನಿಮಾದ ಒಂದು ಆಟವನ್ನು ಪೂರ್ತಿ ಹಿಡಿಯಬೇಕೆಂದು ನಮ್ಮ ಸಂಘದ ಯೋಚನೆ. ಸುಮಾರು 120 ಜನ, ಅವರಲ್ಲಿ ಮೂರನೇ ಒಂದು ಪಾಲು 60 ದಾಟಿದವರು. ಎಲ್ಲರಿಗೂ ಎರಡೂ ಡೋಸ್ ಆಗಿದೆ. ಚಿತ್ರ ಎರಡೂವರೆ ಗಂಟೆಯದು.

ಎರಡು ಜಾಗ ನೋಡಿದ್ದೇವೆ. ಒಂದು ಮಾಲ್ ಒಳಗಿನ ಮಲ್ಟಿಪ್ಲೆಕ್ಸ್, 240 ಸೀಟಿನ ಪರದೆ. ಇನ್ನೊಂದು ಬಾಲ್ಕನಿ ಇರುವ ಹಳೇ ಟಾಕೀಸು, 700 ಸೀಟು. ಕೇಳಿದರೆ ಎರಡೂ ಕಡೆ ಹೇಳುವುದು ಒಂದೇ ಮಾತು: "ಪ್ರತಿ ಶೋ ಆದಮೇಲೆ ಸ್ಯಾನಿಟೈಸ್ ಮಾಡ್ತೀವಿ."

1. ಹಿರಿಯರನ್ನು ಕರೆದುಕೊಂಡು ಹೋಗಲು ಇವೆರಡರಲ್ಲಿ ಯಾವುದು ಮೇಲು? ಮ್ಯಾನೇಜರ್ ಹತ್ತಿರ ಏನೇನು ಕೇಳಬೇಕು?
2. ಕನ್ನಡ ಚಿತ್ರ ಇಲ್ಲಿ ಹಾಕಿಸಲು ತಾಂತ್ರಿಕವಾಗಿ ಏನು ಬೇಕು?
3. ಹೀಗೆ ಒಂದು ಆಟ ಹಿಡಿದರೆ ಥಿಯೇಟರಿನವರಿಗೆ ನಿಜಕ್ಕೂ ಏನಾದರೂ ಉಳಿಯುತ್ತದೆಯೇ?

---

ಗಾಳಿಲೆಕ್ಕ_ಠಾಣೆ

ಮೊದಲನೇ ಪ್ರಶ್ನೆಗೆ ನನ್ನ ಉತ್ತರ. ಸೀಟಿಗೆ ಔಷಧಿ ಸಿಂಪಡಿಸುವುದರಿಂದ ಮನಸ್ಸಿಗೆ ಸಮಾಧಾನ ಸಿಗಬಹುದು, ಆದರೆ ಥಿಯೇಟರಿನಲ್ಲಿ ಕೋವಿಡ್ ಸೋಂಕು ಮುಖ್ಯವಾಗಿ ಹರಡುವುದು ಉಸಿರಿನ ಗಾಳಿಯಲ್ಲಿ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ತಲೆಗೆ ಎಷ್ಟು ಹೊರಗಿನ ಗಾಳಿ ಒಳಗೆ ಬರುತ್ತದೆ?

ಅದನ್ನು ತಿಳಿಯಲು ಇಂಗಾಲದ ಡೈಆಕ್ಸೈಡ್ ನೋಡಬೇಕು: ಜನ ಬಿಟ್ಟ ಉಸಿರು ಒಳಗೆ ಎಷ್ಟು ಉಳಿದಿದೆ ಎಂಬುದಕ್ಕೆ ಅದೇ ಗುರುತು. ಸುಮ್ಮನೆ ಕೂತ ವಯಸ್ಕರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಹೊರಗಿನ ಗಾಳಿಯಲ್ಲಿ ಅದು ಹೆಚ್ಚುಕಡಿಮೆ 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು. ನಿಮ್ಮ ಎರಡು ಹಾಲ್‌ಗಳಿಗೆ ಲೆಕ್ಕ ಹಾಕೋಣ. ಅಳತೆ ನನ್ನ ಅಂದಾಜು, ನೀವು ಹೋದಾಗ ಹೆಜ್ಜೆ ಹಾಕಿ ನೋಡಿಕೊಳ್ಳಿ.

ಮಲ್ಟಿಪ್ಲೆಕ್ಸ್ ಪರದೆ 18 × 14 ಮೀಟರ್, ಸರಾಸರಿ ಎತ್ತರ 7 ಮೀಟರ್ ಎಂದಿಟ್ಟುಕೊಂಡರೆ ಸುಮಾರು 1,760 ಘನ ಮೀಟರ್. 120 ಜನಕ್ಕೆ ಹಂಚಿದರೆ ತಲೆಗೆ 15 ಘನ ಮೀಟರಿಗೂ ಸ್ವಲ್ಪ ಕಡಿಮೆ. ಹೊರಗಿನ ಗಾಳಿ ಒಂದಿಷ್ಟೂ ಬರದಿದ್ದರೆ ಗಂಟೆಗೆ ಸುಮಾರು 1,200 ಪಿಪಿಎಂ ಏರುತ್ತಾ ಹೋಗುತ್ತದೆ. ಚಿತ್ರ ಮುಗಿಯುವ ಹೊತ್ತಿಗೆ 3,400 ದಾಟಿರುತ್ತದೆ.

ಹಳೇ ಟಾಕೀಸು 30 × 20 ಮೀಟರ್, ಎತ್ತರ 9 ಎಂದುಕೊಂಡರೆ 5,400 ಘನ ಮೀಟರ್, ತಲೆಗೆ 45. ಅದೇ 120 ಜನ, ಅದೇ ಮುಚ್ಚಿದ ಬಾಗಿಲು, ಆದರೆ ಏರಿಕೆ ಗಂಟೆಗೆ 400 ಮಾತ್ರ. ಕೊನೆಗೆ ಸುಮಾರು 1,400. ಅಂದರೆ ಏನೂ ವ್ಯವಸ್ಥೆ ಇಲ್ಲದ ಹಳೇ ಟಾಕೀಸೂ ಬರೀ ತನ್ನ ಎತ್ತರದ ದೆಸೆಯಿಂದ ನಿಮಗೆ ಸಮಯ ಕೊಡುತ್ತದೆ.

ಹಾಗೆಂದು ಅಲ್ಲಿಗೇ ತೀರ್ಮಾನ ಮಾಡಬೇಡಿ. ಮಲ್ಟಿಪ್ಲೆಕ್ಸಿನವರು ತಲೆಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಕೊಟ್ಟರೆ ಮಟ್ಟ 920 ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ಕೂತರೂ ಅಷ್ಟೇ. 5 ಲೀಟರ್ ಕೊಟ್ಟರೆ 1,420 ರ ಕಡೆಗೆ ಹೋಗುತ್ತದೆ. ಚೆನ್ನಾಗಿ ಓಡುವ ಮಲ್ಟಿಪ್ಲೆಕ್ಸ್ ಹಳೇ ಟಾಕೀಸಿಗಿಂತ ಮೇಲು, ಹೊರಗಾಳಿ ತಡೆದುಬಿಟ್ಟ ಮಲ್ಟಿಪ್ಲೆಕ್ಸ್ ಬಹಳ ಕೆಟ್ಟದ್ದು.

ಯಾಕೆ ತಡೆಯುತ್ತಾರೆ? ಎಸಿ ಯಂತ್ರಕ್ಕೆ ಹೊರಗಾಳಿ ಬರುವ ದಾರಿಯಲ್ಲಿ ಡ್ಯಾಂಪರ್ ಎನ್ನುವ ಪಟ್ಟಿಪಟ್ಟಿಯ ತಗಡಿನ ಬಾಗಿಲು ಇರುತ್ತದೆ. ಮುಂಬೈ ಗಾಳಿಯಲ್ಲಿ ತೇವ ಜಾಸ್ತಿ, ಆ ತೇವ ತೆಗೆಯಲು ಚಿಲ್ಲರ್ (ಎಸಿಗೆ ತಂಪು ಕೊಡುವ ಯಂತ್ರ) ಹೆಚ್ಚು ದುಡಿಯಬೇಕು, ಕರೆಂಟ್ ಬಿಲ್ ಏರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಡ್ಯಾಂಪರ್ ಮುಚ್ಚಿ ಒಳಗಿನ ಗಾಳಿಯನ್ನೇ ತಿರುಗಿಸುವ ಅಭ್ಯಾಸ. ಮಳೆ ಹೋದರೂ ಅದು ಹಾಗೇ ಉಳಿದಿರುತ್ತದೆ. ಎಎಚ್‌ಯು (ಹಾಲ್‌ಗೆ ಗಾಳಿ ತಳ್ಳುವ ಎಸಿ ಯಂತ್ರ) ಇರುವ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿ ಎಂದು ಮರ್ಯಾದೆಯಿಂದ ಕೇಳಿ. ಡ್ಯಾಂಪರಿನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ಸಾಮಾನ್ಯವಾಗಿ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಹೊರಗಾಳಿಯ ಜಾಲರಿಗೆ ಒಂದು ಹಾಳೆ ಹಿಡಿಯಿರಿ: ಎಳೆದುಕೊಂಡು ಅಂಟಿ ನಿಂತರೆ ಗಾಳಿ ಬರುತ್ತಿದೆ. ಫಿಲ್ಟರ್ ಮರ್ವ್ 13 (ಸಣ್ಣ ಕಣಗಳನ್ನೂ ಹಿಡಿಯುವ ದರ್ಜೆ) ಆಗಿದ್ದರೆ ಒಳ್ಳೆಯದು, ಆದರೆ ಚೌಕಟ್ಟಿನ ಸುತ್ತ ಬೆರಳು ಹೋಗುವಷ್ಟು ಸಂದಿ ಇದ್ದರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ, ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಹಳೇ ಟಾಕೀಸಿನಲ್ಲಿ ನೋಡಬೇಕಾದ್ದು ಗೋಡೆಯ ಎಕ್ಸಾಸ್ಟ್ ಫ್ಯಾನು. ಸದ್ದು ಬರುತ್ತದೆ, ಬೆಳಕು ನುಗ್ಗುತ್ತದೆ ಎಂದು ಹಲವು ಕಡೆ ಪ್ಲೈವುಡ್ ಹೊಡೆದಿರುತ್ತಾರೆ. ಬರೀ ಸ್ಪ್ಲಿಟ್ ಎಸಿ ಹಾಕಿದ್ದರೆ ಅದು ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಂಪು ಮಾಡುತ್ತದೆ.

ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2020 ರ ಅಕ್ಟೋಬರಿನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ತಾಪಮಾನ 24 ರಿಂದ 30 ಡಿಗ್ರಿ, ತೇವಾಂಶ ಶೇ. 40 ರಿಂದ 70, ಒಳಗಿನ ಗಾಳಿ ಮರಳಿ ತಿರುಗುವುದನ್ನು ಆದಷ್ಟು ತಪ್ಪಿಸಬೇಕು, ಹೊರಗಾಳಿ ಸಾಧ್ಯವಾದಷ್ಟು ಬರಬೇಕು ಎಂದಿದೆ. ಇದನ್ನು ಮ್ಯಾನೇಜರ್ ಮುಂದಿಡಿ. ನೀವು ಹೊಸದೇನನ್ನೂ ಕೇಳುತ್ತಿಲ್ಲ, ಅವರಿಗೆ ಹೇಳಿರುವುದನ್ನೇ ಕೇಳುತ್ತಿದ್ದೀರಿ.

ದಿನದ ಮೊದಲ ಆಟವನ್ನೇ ಹಿಡಿಯಿರಿ. ಗಾಳಿ ಗಂಟೆಗೆ 4 ಸಲ ಬದಲಾಗುವ ಹಾಲ್‌ನಲ್ಲೂ ಹಿಂದಿನ ಆಟದ ಉಸಿರಿನ ಶೇ. 95 ಹೊರಹೋಗಲು 45 ನಿಮಿಷ ಬೇಕು. ಎರಡು ಆಟದ ನಡುವೆ ಅಷ್ಟು ಬಿಡುವು ಯಾರೂ ಕೊಡುವುದಿಲ್ಲ.

---

ಅಂಧೇರಿ_ಅಕ್ಕ

ಲೆಕ್ಕ ಅರ್ಥವಾಯಿತು ಸರ್. ಆದರೆ ಸಂಘದವರು ಇದನ್ನು ಅಳೆಯುವುದು ಹೇಗೆ? ಆನ್‌ಲೈನ್‌ನಲ್ಲಿ 1,500 ರೂಪಾಯಿಗೂ ಮೀಟರ್ ಇದೆ, 10,000 ಕ್ಕೂ ಇದೆ.

---

ಗಾಳಿಲೆಕ್ಕ_ಠಾಣೆ

ಎನ್‌ಡಿಐಆರ್ (ಅತಿಗೆಂಪು ಬೆಳಕಿನಿಂದ ನೇರವಾಗಿ ಅಳೆಯುವ) ಸೆನ್ಸರ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ತೆಗೆದುಕೊಳ್ಳಿ ಮೇಡಂ. ತೀರಾ ಅಗ್ಗದ ಎಷ್ಟೋ ಮೀಟರುಗಳು ಬೇರೆ ಅನಿಲಗಳನ್ನು ನೋಡಿ ಇಂಗಾಲದ ಅಂಕಿಯನ್ನು ಊಹಿಸುತ್ತವೆ. ಪರೀಕ್ಷೆ ಸುಲಭ: ಕೈಗೆ ಸ್ಯಾನಿಟೈಸರ್ ಹಚ್ಚಿ ಮೀಟರ್ ಹತ್ತಿರ ಹಿಡಿಯಿರಿ. ಅಂಕಿ ದಿಢೀರ್ ಹಾರಿದರೆ ಅದು ಊಹೆಯ ಮೀಟರ್.

ಮೊದಲು ಬಾಲ್ಕನಿಯಲ್ಲಿ, ಬಿಸಿಲಿಗೆ ಬೀಳದ ಹಾಗೆ 20 ನಿಮಿಷ ಇಟ್ಟು 400–450 ತೋರಿಸುತ್ತದೆಯೇ ನೋಡಿ. ಆಮೇಲೆ ಇಬ್ಬರು ಹೋಗಿ ಆ ಥಿಯೇಟರಿನಲ್ಲಿ ಮಾಮೂಲಿ ಆಟವೊಂದನ್ನು, ಜನ ಇರುವ ಆಟವನ್ನೇ, ನೋಡಿ ಬನ್ನಿ. ಮೀಟರನ್ನು ನಿಮ್ಮ ಉಸಿರಿನಿಂದ ಒಂದು ಮೀಟರ್ ದೂರ, ಪಕ್ಕದ ಖಾಲಿ ಸೀಟಿನ ಮೇಲಿಡಿ. ಇಂಟರ್‌ವಲ್‌ಗೆ ಮುಂಚೆ ಒಂದು ಅಂಕಿ, ಕೊನೆಯ ಹತ್ತು ನಿಮಿಷದಲ್ಲಿ ಇನ್ನೊಂದು. 1,000 ದ ಒಳಗೆ ನಿಂತಿದ್ದರೆ ಹಿಡಿಯಿರಿ. 1,500 ದಾಟಿ ಇನ್ನೂ ಏರುತ್ತಿದ್ದರೆ ಬಿಡಿ. ಫಿಲ್ಟರ್ ವೈರಾಣು ತಡೆದರೂ ಇಂಗಾಲವನ್ನು ತಡೆಯುವುದಿಲ್ಲ, ಹಾಗಾಗಿ ಒಳ್ಳೆಯ ಫಿಲ್ಟರ್ ಇರುವ ಕಡೆ ಅಂಕಿ ಅಪಾಯವನ್ನು ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಅಷ್ಟು ಅಂತರ ಮನಸ್ಸಿನಲ್ಲಿರಲಿ.

ಹಿರಿಯರಿಗೆ ಎನ್95 ಮಾಸ್ಕೇ ಆಗಬೇಕು. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಹೋಗುವುದು ಬಿಗಿಯಾಗಿ ಕೂರುತ್ತದೆ. ಕನ್ನಡಕ ಮಂಜಾದರೆ ಮೂಗಿನ ಕಂಬಿಯ ಹತ್ತಿರ ಗಾಳಿ ಸೋರುತ್ತಿದೆ ಎಂದೇ ಅರ್ಥ. ವಾಲ್ವ್ ಇರುವ ಮಾಸ್ಕ್ ಬೇಡ.

---

ಬೂತ್_ಪುಣೆ

ನಮಸ್ಕಾರ್ರಿ. ಗಾಳಿ ವಿಚಾರ ಭಾಳ ಛಲೋ ಹೇಳ್ಯಾರ. ನಾ ಎರಡನೇ ಪ್ರಶ್ನೆ ತಗೋತೀನಿ, ಯಾಕಂದ್ರ ಭಾನುವಾರ ಮುಂಜಾನಿ ಶೋ ಕೆಡೋದು ಬಹುತೇಕ ಇಲ್ಲೇ.

ಈಗ ಸಿನಿಮಾ ಬರೋದು ಡಿಸಿಪಿ ಅನ್ನೋ ಫೈಲಿನ್ಯಾಗ. ಅದು ಬೀಗ ಹಾಕಿದ ಟ್ರಂಕ್ ಇದ್ದಂಗ, ಕೆಡಿಎಂ ಅನ್ನೋ ಸಣ್ಣ ಫೈಲು ಅದರ ಕೀಲಿ. ಈ ಕೀಲಿಗೆ ಮೂರು ಗಂಟು ಇರ್ತಾವ: ಯಾವ ಥಿಯೇಟರಿನ ಯಾವ ಸರ್ವರ್ (ಸಿನಿಮಾ ಓಡಿಸೋ ಕಂಪ್ಯೂಟರ್), ಯಾವ ಆವೃತ್ತಿ, ಯಾವ ಹೊತ್ತಿನಿಂದ ಯಾವ ಹೊತ್ತಿನ ತನಕ. ಮೂರರಾಗ ಒಂದು ತಪ್ಪಿದ್ರೂ ಪರದೆ ಮ್ಯಾಲೆ ಏನೂ ಬರಂಗಿಲ್ಲ.

ಆವೃತ್ತಿ ವಿಚಾರದಾಗ ಎಚ್ಚರ ಇರ್ರಿ. ನಿಮ್ಮ ಮಂದಿಯೊಳಗ ಇಲ್ಲೇ ಹುಟ್ಟಿ ಬೆಳದ ಮಕ್ಕಳಿಗೆ, ಮರಾಠಿ ಸೊಸಿಯಂದ್ರಿಗೆ ಇಂಗ್ಲಿಷ್ ಸಬ್‌ಟೈಟಲ್ ಬೇಕಾಗ್ತದ. ಸಬ್‌ಟೈಟಲ್ ಇರೋದು ಬ್ಯಾರೆ ಆವೃತ್ತಿ, ಇಲ್ಲದ್ದು ಬ್ಯಾರೆ. ಊರಾಗಿನ ವಿತರಕರು ಸಬ್‌ಟೈಟಲ್ ಇಲ್ಲದ್ದಕ್ಕ ಕೀಲಿ ಕೊಟ್ಟು, ಡಿಸ್ಕಿನ್ಯಾಗ ಇರೋದು ಸಬ್‌ಟೈಟಲ್ ಇರೋ ಪ್ರತಿ ಆದ್ರ ಶೋ ನಡಿಯಂಗಿಲ್ಲ. ವಿತರಕರಿಗೆ ಬರೀಬೇಕಾದ್ರ ಚಿತ್ರದ ಹೆಸರಷ್ಟೇ ಅಲ್ಲ, ಆವೃತ್ತಿಯ ಪೂರ್ತಿ ಹೆಸರು ಬರೀರಿ.

ಇನ್ನೊಂದು, ಈ ಬಂದ್‌ನಿಂದ ಹುಟ್ಟಿದ್ದು. ಸರ್ವರ್ ಒಳಗ ಈ ಕೀಲಿ ತೆರೆಯೋ ಭದ್ರತಾ ಬೋರ್ಡಿಗೆ ಸ್ವಂತ ಬ್ಯಾಟರಿ ಇರ್ತದ. ತಿಂಗಳುಗಟ್ಟಲೆ ಕರೆಂಟ್ ಕೊಡದ ಬಿಟ್ರ ಬ್ಯಾಟರಿ ಇಳದು ಬೋರ್ಡು ಸತ್ತು ಹೋಗ್ತದ, ಬದಲಿ ಬೋರ್ಡು ಹಾಕ್ಬೇಕಾಗ್ತದ. ಹೊಸ ಬೋರ್ಡು ಅಂದ್ರ ಹೊಸ ಗುರುತು. ಆದ್ರ ಕೀಲಿ ಮಾಡೋ ಕಂಪನಿಯ ಪಟ್ಟಿಯೊಳಗ ಹಳೇ ಗುರುತೇ ಉಳದಿದ್ರ, ಕೀಲಿ ಸತ್ತ ಬೋರ್ಡಿಗೆ ಬರ್ತದ. ಬಂದ್ ಆದ ಮ್ಯಾಲೆ ಬೋರ್ಡು ಬದಲಾಗ್ಯದೇನು ಅಂತ ಮ್ಯಾನೇಜರಿಗಲ್ಲ, ಬೂತಿನ್ಯಾಗಿರೋ ಆಪರೇಟರಿಗೆ ಕೇಳ್ರಿ.

ಹೊತ್ತು ಹಿಂಗ ಇಟ್ಕೋರಿ. ಫೈಲು ಉಪಗ್ರಹದಿಂದ ಬರದ ಡಿಸ್ಕಿನ್ಯಾಗ ಬಂದ್ರ ಸರ್ವರಿಗೆ ಇಳಿಸ್ಬೇಕು: 200 ಜಿಬಿ ಫೈಲು, ಸೆಕೆಂಡಿಗೆ 30 ಎಂಬಿ ವೇಗ ಅಂದ್ರ ಹತ್ತತ್ರ ಎರಡು ತಾಸು. ಕೀಲಿಯ ಅವಧಿ ಭಾನುವಾರ ಮುಂಜಾನಿಯಿಂದ ಅಲ್ಲ, ಶನಿವಾರ ಸಂಜಿಯಿಂದ ಸುರುವಾಗ್ಲಿ. ರಾತ್ರಿ ಕೊನಿ ಶೋ ಆದ ಮ್ಯಾಲೆ ಐದು ನಿಮಿಷ ಓಡಿಸಿ ನೋಡಬಹುದು. ಭಾನುವಾರ ಮುಂಜಾನಿ ಕೀಲಿ ಕಂಪನಿಯವ್ರು ಫೋನ್ ಎತ್ತೂತನಕ ನಿಮ್ಮ 120 ಮಂದಿ ಲಾಬಿಯೊಳಗ ಒತ್ತೊತ್ತಾಗಿ ನಿಂತಿರ್ತಾರ, ಅಲ್ಲಿಗೆ ಗಾಳಿ ಲೆಕ್ಕನೂ ಹೋತು.

ಹಳೇ ಟಾಕೀಸಿನ್ಯಾಗ ಸುತ್ತಲಿನ ಸ್ಪೀಕರ್ ಒಂದೊಂದೇ ಹಚ್ಚಿ ಕೇಳ್ರಿ. ಮುಚ್ಚಿದ ಹಾಲ್‌ನ್ಯಾಗ ಇಲಿ ಮೊದಲು ಕಡಿಯೋದು ಅಲ್ಲಿನ ವೈರು.

---

ಗಲ್ಲಾಪೆಟ್ಟಿಗೆ_ಮಾಟುಂಗ

ಮೂರನೇ ಪ್ರಶ್ನೆಗೆ ಬರುತ್ತೇನೆ ಮಾರಾಯ್ರೆ, ಅದೇ ನನಗೆ ಎದೆಗೆ ತಾಗುವ ಪ್ರಶ್ನೆ.

2020 ಮಾರ್ಚ್ ಮಧ್ಯದಿಂದ ನವೆಂಬರ್ 5 ರ ತನಕ ಒಂದು ಸಲ, ಈ ವರ್ಷ ಏಪ್ರಿಲ್ ಮೊದಲ ವಾರದಿಂದ ಅಕ್ಟೋಬರ್ 22 ರ ತನಕ ಇನ್ನೊಂದು ಸಲ ಬಂದ್. 19 ತಿಂಗಳಲ್ಲಿ 14 ತಿಂಗಳು ಮುಂಬೈಯ ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿ ಬಿದ್ದಿಲ್ಲ. ಕರೆಂಟಿನ ನಿಗದಿತ ಶುಲ್ಕ, ಆಸ್ತಿ ತೆರಿಗೆ, ಕಾವಲುಗಾರನ ಸಂಬಳ ಮಾತ್ರ ನಿಂತಿಲ್ಲ.

ಈಗ ಲೆಕ್ಕ. ಟಿಕೆಟಿನ ಮೂಲ ಬೆಲೆ 150 ರೂಪಾಯಿ ಎನ್ನಿ. 100 ಮೀರಿದ್ದರಿಂದ ಶೇ. 18 ಜಿಎಸ್‌ಟಿ, ಅಂದರೆ ಪ್ರೇಕ್ಷಕ ಕೊಡುವುದು 177. ಆ 27 ಸರ್ಕಾರಕ್ಕೆ. ಉಳಿದ 150 ರಲ್ಲಿ ಮೊದಲ ವಾರ ವಿತರಕರಿಗೆ ಅರ್ಧ. ಥಿಯೇಟರಿಗೆ 75. ನಿಮ್ಮ 120 ಜನಕ್ಕೆ 9,000 ರೂಪಾಯಿ. ಈಗಿನ ಕೋವಿಡ್ ನಿಯಮದಲ್ಲಿ ಹಾಲ್ ಒಳಗೆ ತಿಂಡಿ ಬಿಡುವ ಹಾಗಿಲ್ಲವಾದ್ದರಿಂದ ಪಾಪ್‌ಕಾರ್ನಿನ ಆದಾಯವೂ ಸೊರಗಿದೆ, ಮಲ್ಟಿಪ್ಲೆಕ್ಸಿಗೆ ನಿಜವಾದ ಲಾಭ ಬರುತ್ತಿದ್ದದ್ದೇ ಅಲ್ಲಿಂದ. ಆದರೂ ಖಾಲಿ ಇರುತ್ತಿದ್ದ ಭಾನುವಾರ ಬೆಳಗಿನ 9 ಗಂಟೆಗೆ ಖಚಿತವಾದ 9,000 ಎಂದರೆ ಅವರಿಗೆ ಸಣ್ಣದಲ್ಲ. ಹೆಚ್ಚಿನ ಕಡೆ ಪಾಲಿನ ಬದಲು ಇಡೀ ಆಟಕ್ಕೆ ಇಷ್ಟು ಎಂದು ಮಾತಾಡುತ್ತಾರೆ. ಆಗ ಜಿಎಸ್‌ಟಿ ಸೇರಿದೆಯೇ, ವಿತರಕರ ಪಾಲು ಸೇರಿದೆಯೇ ಎರಡನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಥಿಯೇಟರಿನ ಮುಂದಿನ ದಿನಗಳ ಚಿಂತೆ ಇರುವುದು ಬೇರೆ ಕಡೆ. 2009 ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸಿನವರಿಗೂ ಆದ ಒಪ್ಪಂದದಲ್ಲಿ ವಿತರಕರ ಪಾಲು ವಾರದಿಂದ ವಾರಕ್ಕೆ ಇಳಿಯುತ್ತದೆ: 50, 42.5, 37.5, ನಾಲ್ಕನೇ ವಾರದಿಂದ 30. ಚಿತ್ರ ಹೆಚ್ಚು ದಿನ ಓಡಿದಷ್ಟೂ ಥಿಯೇಟರಿನ ಕೈಗೆ ಹೆಚ್ಚು. ಆದರೆ ಚಿತ್ರ ಓಟಿಟಿಗೆ ಹೋಗಲು ಮೊದಲು 8 ವಾರ ಕಾಯುತ್ತಿದ್ದರು, ಈ 2021 ರಲ್ಲಿ 4 ವಾರಕ್ಕೆ ಇಳಿದಿದೆ. ಥಿಯೇಟರಿಗೆ ನೂರಕ್ಕೆ ಎಪ್ಪತ್ತು ಸಿಗಬೇಕಾದ ಹೊತ್ತಿಗೆ ಜನ "ಇನ್ನೇನು ಮೊಬೈಲಿಗೇ ಬರ್ತದಲ್ಲ" ಎಂದು ಮನೆಯಲ್ಲಿ ಕೂರುತ್ತಾರೆ. ಅರ್ಧ ಸೀಟಿನ ನಿಯಮ ಒಂದು ದಿನ ಹೋದೀತು, ಈ ನಾಲ್ಕು ವಾರ ಹಾಗೇ ಉಳಿದರೆ ಸಣ್ಣ ಟಾಕೀಸುಗಳು ಏಳುವುದು ಕಷ್ಟ.

ಕನ್ನಡಕ್ಕಂತೂ ಇಲ್ಲಿ ನಾಲ್ಕು ವಾರದ ಮಾತೇ ಇಲ್ಲ. ಶುಕ್ರವಾರ ಒಂದೆರಡು ಆಟ, ಸೋಮವಾರಕ್ಕೆ ತೆಗೆದಿರುತ್ತಾರೆ. ಮುಂಗಡ ಬುಕಿಂಗ್ ಎಷ್ಟಿದೆ ನೋಡಿಯೇ ಆಟ ಕೊಡುವುದು. ಸಂಘಗಳು ಗುರುವಾರದೊಳಗೆ ಸೀಟು ಹಿಡಿದರೆ ಅದು ಅವರ ಲೆಕ್ಕದಲ್ಲಿ ಕಾಣುತ್ತದೆ, ಶನಿವಾರ ರಾತ್ರಿ ಹಿಡಿದರೆ ಕಾಣುವುದಿಲ್ಲ. ನಿಮಗೆ ನನ್ನ ಸಲಹೆ: ಈಗ ಒಂದು ಆಟ ಹಿಡಿಯುವಾಗಲೇ ಜನವರಿಗೆ ಇನ್ನೊಂದು, ಮಾರ್ಚಿಗೆ ಮತ್ತೊಂದು ಎಂದು ಮಾತಾಡಿ. ಬೆಲೆಯೂ ಇಳಿಯುತ್ತದೆ, ಡ್ಯಾಂಪರ್ ತೆರೆಯಿರಿ ಎಂದರೆ ಮಾತೂ ಕೇಳುತ್ತಾರೆ.

---

ಪಣಜಿ_ಪ್ರೇಕ್ಷಕ

ಗೋವಾದಿಂದ ಎರಡೇ ಮಾತು. ಜನರ ಓಡಾಟವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಹಾಲ್ ಒಳಗೆ ಎಷ್ಟೇ ಗಾಳಿ ಇದ್ದರೂ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಎದ್ದರೆ ಮೆಟ್ಟಿಲ ಹತ್ತಿರ ಗುಂಪಾಗುತ್ತದೆ. ಬಾಗಿಲಿಗೆ ಹತ್ತಿರದ ಸಾಲು ಮೊದಲು, ಆಮೇಲೆ ಅದರ ಹಿಂದಿನದು. ಸಾಲಿಗೆ ಒಬ್ಬ ಸ್ವಯಂಸೇವಕ ಸಾಕು. ಇಂಟರ್‌ವಲ್ 10 ರ ಬದಲು 20 ನಿಮಿಷ ಕೇಳಿ, ಬಾಗಿಲುಗಳನ್ನೆಲ್ಲ ತೆರೆದಿಡಿಸಿ. ಶೌಚಾಲಯಕ್ಕೆ ಅರ್ಧ ಸಾಲುಗಳು ಮೊದಲ ಹತ್ತು ನಿಮಿಷ, ಉಳಿದವರು ಆಮೇಲೆ.

ಈ 2021 ರ ನಿಯಮದಂತೆ ಪ್ರವೇಶಕ್ಕೆ ಎರಡೂ ಡೋಸಿನ ಸರ್ಟಿಫಿಕೇಟ್ ಅಥವಾ ಆರೋಗ್ಯ ಸೇತು ಆ್ಯಪಿನಲ್ಲಿ ಸುರಕ್ಷಿತ ಎಂಬ ಗುರುತು ನೋಡುತ್ತಾರೆ. ಹಿರಿಯರು ಬಾಗಿಲಲ್ಲಿ ಮೊಬೈಲ್ ಹುಡುಕುತ್ತಾ ನಿಲ್ಲದ ಹಾಗೆ ಮುದ್ರಿಸಿದ ಪ್ರತಿ ತರಿಸಿ.

---

ಡೊಂಬಿವಲಿ_ಕನ್ನಡಿಗ

ಎಲ್ಲರಿಗೂ ತುಂಬಾ ಧನ್ಯವಾದ. ಮೀಟರ್ ತರಿಸಿ ಎರಡೂ ಕಡೆ ಈ ವಾರವೇ ಅಳೆಯುತ್ತೇವೆ. ಒಂದು ಅನುಮಾನ: ಹಳೇ ಟಾಕೀಸೇ ಆದರೆ ಹಿರಿಯರನ್ನು ಬಾಲ್ಕನಿಯಲ್ಲಿ ಕೂರಿಸುವುದೋ ಕೆಳಗೋ?

---

ಗಾಳಿಲೆಕ್ಕ_ಠಾಣೆ

ಕೆಳಗೆ, ಆದರೆ ಬಾಲ್ಕನಿಯ ಅಡಿಯಲ್ಲಿ ಬೇಡ. ಜನರ ಮೈ ಬಿಸಿಗೆ ಗಾಳಿ ಮೇಲೇರಿ ಬಾಲ್ಕನಿಯ ಚಾವಣಿಯಲ್ಲಿ ಸೇರುತ್ತದೆ, ಬಾಲ್ಕನಿಯ ಅಡಿಯಲ್ಲೋ ಎತ್ತರವೇ ಕಡಿಮೆ. ಪರದೆಯಿಂದ ಆರನೇ ಸಾಲಿನಿಂದ ಬಾಲ್ಕನಿಯ ಅಂಚು ಶುರುವಾಗುವ ತನಕದ ಜಾಗ ಒಳ್ಳೆಯದು. ಮೀಟರನ್ನು ಮೂರೂ ಕಡೆ ಇಟ್ಟು ನೋಡಿ, ನನ್ನ ಮಾತಿಗಿಂತ ಅದರ ಅಂಕಿಯನ್ನೇ ನಂಬಿ.