ಮಂಗೋಲರ ನಾಡಿನ ಗೋಡೆನಕ್ಷೆ: ಊರು, ಜನಸಂಖ್ಯೆ ತೋರಿಸೋದು ಹೇಗೆ?

ಬಸವನಗುಡಿ_ಭೂಗೋಳ:
ಹೈಸ್ಕೂಲ್ ಮಕ್ಕಳಿಗೆ ಎ1 ಹಾಳೆಯಲ್ಲಿ ನಕ್ಷೆ ಮಾಡ್ತಾ ಇದ್ದೀನಿ. ಮಂಗೋಲಿಯಾ ದೇಶದ ಗಡಿಯಷ್ಟೇ ಸಾಕಾ? ಪಕ್ಕದಲ್ಲಿ ಅದೇ ಅಳತೆಯ ಕರ್ನಾಟಕ ಇಡಬೇಕು. ಒಂದು ಚುಕ್ಕೆಗೆ ಎಷ್ಟು ಜನ?

ರೇಖಾಂಶ77:
ದೇಶದ ಗಡಿಯಷ್ಟೇ ಬರೆದರೆ ಅರ್ಧಕ್ಕಿಂತ ಹೆಚ್ಚು ಮಂಗೋಲರು ನಕ್ಷೆಯಿಂದ ಆಚೆ ಉಳೀತಾರೆ ಸರ್. ಚೀನಾದ ಒಳಮಂಗೋಲಿಯಾದಲ್ಲೇ ಸುಮಾರು 42 ಲಕ್ಷ ಮಂಗೋಲರಿದ್ದಾರೆ. ಮಂಗೋಲಿಯಾದ ಒಟ್ಟು ಜನಸಂಖ್ಯೆಯೇ 2020ರ ಗಣತಿಯಲ್ಲಿ ಸುಮಾರು 33 ಲಕ್ಷ. ಉತ್ತರಕ್ಕೆ ರಷ್ಯಾದಲ್ಲಿ, ಬೈಕಲ್ ಸರೋವರದ ಬದಿಯ ಬುರ್ಯಾತಿಯಾ ಸೇರಿಸಿ (ಅಲ್ಲಿನ ಬುರ್ಯಾತರು ಮಂಗೋಲ್ ಕುಲದವರು), ಮುಖ್ಯ ಊರು ಉಲಾನ್-ಉಡೆ. ಅದರ ಪಶ್ಚಿಮದ ತುವಾ ಬೇಡ, ಅಲ್ಲಿನವರ ಭಾಷೆ ತುರ್ಕಿ ಕುಲದ್ದು.

ಪೂರ್ವ ರೇಖಾಂಶ 87ರಿಂದ 126, ಉತ್ತರ ಅಕ್ಷಾಂಶ 37ರಿಂದ 57 ಹಿಡಿಯಿರಿ. 1 ಸೆಂ.ಮೀ.ಗೆ 50 ಕಿ.ಮೀ. ಇಟ್ಟರೆ ಎ1ರಲ್ಲಿ ಕೂರುತ್ತೆ, ಎಡಬದಿಯಲ್ಲಿ ಕರ್ನಾಟಕಕ್ಕೂ ಜಾಗ ಸಿಗುತ್ತೆ (ಉದ್ದ 15 ಸೆಂ.ಮೀ. ಬೇಕು). ಮಂಗೋಲ್ ಕುಲದವರೇ ಆದ ಕಲ್ಮಿಕರ ನಾಡು ಕಲ್ಮಿಕಿಯಾ ದೂರದ ಕ್ಯಾಸ್ಪಿಯನ್ ದಡದಲ್ಲಿದೆ. ಅದಕ್ಕೆ 10 ಸೆಂ.ಮೀ. ಚೌಕದ ಒಳನಕ್ಷೆ ಮಾಡಿ, ಅಲ್ಲಿನ ಮುಖ್ಯ ಊರು ಎಲಿಸ್ತಾ ಗುರುತಿಸಿ.

ಮರ್ಕೇಟರ್ ಪ್ರಕ್ಷೇಪ (ಗುಂಡು ಭೂಮಿಯನ್ನ ಚಪ್ಪಟೆ ಹಾಳೆಗೆ ಇಳಿಸೋ ಒಂದು ವಿಧಾನ) ಮಾತ್ರ ಬಳಸಬೇಡಿ. 47 ಡಿಗ್ರಿ ಅಕ್ಷಾಂಶದಲ್ಲಿ ಅದು ವಿಸ್ತೀರ್ಣವನ್ನ ಎರಡು ಪಟ್ಟಿಗಿಂತ ಹೆಚ್ಚು ಉಬ್ಬಿಸುತ್ತೆ, ನಮ್ಮ 15 ಡಿಗ್ರಿಯಲ್ಲಿ ಹೆಚ್ಚೇನೂ ಇಲ್ಲ. ನಿಜದಲ್ಲಿ ಮಂಗೋಲಿಯಾ ಕರ್ನಾಟಕದ ಎಂಟು ಪಟ್ಟು. ಮರ್ಕೇಟರ್‌ನಲ್ಲಿ ಮಕ್ಕಳ ಕಣ್ಣಿಗೆ ಹದಿನಾರು ಪಟ್ಟು ಕಾಣುತ್ತೆ. ನಕ್ಷೆ ಬಿಡಿಸೋ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಆಲ್ಬರ್ಸ್ ಸಮವಿಸ್ತೀರ್ಣ ಪ್ರಕ್ಷೇಪ ಆರಿಸಿ, ಮಾನಕ ಅಕ್ಷಾಂಶ 42 ಮತ್ತು 52 ಕೊಡಿ. ಕರ್ನಾಟಕವನ್ನ ಅದರದೇ ಅಕ್ಷಾಂಶಕ್ಕೆ ಹೊಂದಿಸಿ ಬೇರೆ ಚೌಕಟ್ಟಿನಲ್ಲಿ ತಂದು ಜೋಡಿಸಿ.

ಚುಕ್ಕಿಗಣಕ:
ಚುಕ್ಕೆಗೆ 10,000 ಜನ. ಮಂಗೋಲಿಯಾಕ್ಕೆ 330 ಚುಕ್ಕೆ ಬರುತ್ತೆ. ಅದರಲ್ಲಿ 160 ರಾಜಧಾನಿ ಉಲಾನ್‌ಬಾತರ್ ಒಂದರದ್ದೇ, ಒಂದರ ಮೇಲೊಂದು ಬಿದ್ದು ಮಸಿಯಾಗುತ್ತೆ. ದೊಡ್ಡ ಊರುಗಳಿಗೆ ವೃತ್ತ ಹಾಕಿ. ವೃತ್ತದ ವಿಸ್ತೀರ್ಣ ಜನಸಂಖ್ಯೆಗೆ ತಕ್ಕಂತಿರಬೇಕು, ವ್ಯಾಸವಲ್ಲ. ಎಲ್ಲರೂ ತಪ್ಪೋದು ಇಲ್ಲೇ. ಉಲಾನ್‌ಬಾತರ್ (16 ಲಕ್ಷ) 8 ಮಿ.ಮೀ. ವ್ಯಾಸ ಆದರೆ ಬೆಂಗಳೂರು (2011ರಲ್ಲಿ 84 ಲಕ್ಷ) 18 ಮಿ.ಮೀ., 42 ಅಲ್ಲ.

ಉಳಿದ 170 ಚುಕ್ಕೆಗಳನ್ನ ಐಮಗ್‌ಗಳಲ್ಲಿ, ಅಂದರೆ ಅಲ್ಲಿನ ಪ್ರಾಂತ್ಯಗಳಲ್ಲಿ, ಎಲ್ಲ ಕಡೆ ಸಮನಾಗಿ ಚೆಲ್ಲಬೇಡಿ. ದಕ್ಷಿಣದ ಒಮ್ನೊಗೊವಿ ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ದೊಡ್ಡದು, ಆದರೂ ಗೋಬಿ ಮರುಭೂಮಿಯಾದ್ದರಿಂದ ಹತ್ತು ಚುಕ್ಕೆಯೂ ಆಗಲ್ಲ. ಉತ್ತರದ ಸೆಲೆಂಗೆ, ಓರ್ಖೋನ್ ನದಿಗಳ ಕಣಿವೆ, ರೈಲುಮಾರ್ಗದ ದರ್ಖಾನ್, ತಾಮ್ರದ ಗಣಿಯ ಎರ್ದೆನೆತ್: ಹೆಚ್ಚು ಚುಕ್ಕೆ ಅಲ್ಲಿಗೆ. ಪಶ್ಚಿಮ ತುದಿಯ ಬಯಾನ್-ಒಲ್ಗಿಯಲ್ಲಿ ಕಜಾಕರೇ ಬಹುಸಂಖ್ಯಾತರು, ಬಣ್ಣ ಬೇರೆ ಕೊಡಿ.

ಹುಲ್ಲುಗಾವಲು:
ಚೀನಾದ ಅಂಕಿ ತೆಗೆದುಕೊಳ್ಳುವಾಗ ಹುಷಾರು. ಅಲ್ಲಿ ಆಡಳಿತದ ಲೆಕ್ಕದಲ್ಲಿ ‘ನಗರ’ ಅಂದರೆ ಸುತ್ತಲಿನ ಹೊಲ, ಕಾಡು, ಹುಲ್ಲುಗಾವಲು ಎಲ್ಲ ಸೇರಿದ್ದು. ಒಳಮಂಗೋಲಿಯಾದ ಹುಲುನ್‌ಬುಯಿರ್ ‘ನಗರ’ ಇಡೀ ಕರ್ನಾಟಕಕ್ಕಿಂತ ದೊಡ್ಡದು! ಅದಕ್ಕೆ ಊರಿನ ವೃತ್ತ ಹಾಕಲೇಬೇಡಿ, ಚುಕ್ಕೆಯಾಗಿ ಹರಡಿ. ಅಲ್ಲಿನ ದೊಡ್ಡ ಊರುಗಳಾದ ಹೊಹ್ಹೊತ್, ಬಾವೊತೌಗಳಿಗೂ ಪಟ್ಟಣ ಭಾಗದ ಅಂಕಿಯನ್ನೇ ಹುಡುಕಿ. ಒಳಮಂಗೋಲಿಯಾದ 2.4 ಕೋಟಿಯಲ್ಲಿ ಮಂಗೋಲರು ಐದನೇ ಒಂದು ಭಾಗಕ್ಕಿಂತ ಕಡಿಮೆ, ಹಾಗಾಗಿ ಎರಡು ಬಣ್ಣ ಬೇಕೇ ಬೇಕು. ಮಂಗೋಲರ ಬಣ್ಣ ದಟ್ಟವಾಗೋದು ಪೂರ್ವದ ತೊಂಗ್ಲಿಯಾವೊ ಕಡೆ.

ಉಲಾನ್‌ಬಾತರ್ ಏಕೆ ಇಷ್ಟು ಬೆಳೆಯಿತು ಅಂತ ಮಕ್ಕಳು ಕೇಳೇ ಕೇಳ್ತಾರೆ. ಒಂದು ಮುಖ್ಯ ಕಾರಣ ‘ಜುದ್’. ಬೇಸಿಗೆಯಲ್ಲಿ ಮಳೆಯಿಲ್ಲದೆ ಹುಲ್ಲು ಸೊರಗುತ್ತೆ, ಚಳಿಗಾಲದಲ್ಲಿ ಹಿಮ ಗಟ್ಟಿ ಮಂಜುಗಡ್ಡೆಯಾಗಿ ಆ ಹುಲ್ಲೂ ದನಕುರಿಗಳ ಬಾಯಿಗೆ ಎಟುಕಲ್ಲ. 1999ರಿಂದ 2002ರವರೆಗೆ, ಮತ್ತೆ 2009–10ರಲ್ಲಿ ಲಕ್ಷಾಂತರ ಜಾನುವಾರು ಸತ್ತವು. ಹಿಂಡು ಕಳೆದುಕೊಂಡ ಅನೇಕ ಕುಟುಂಬಗಳು ನಗರದಂಚಿನ ಗುಡ್ಡಗಳಲ್ಲಿ ಗೆರ್ ಗುಡಾರ ಹಾಕಿದವು. ಆ ಬಡಾವಣೆಗಳನ್ನ ವೃತ್ತದ ಉತ್ತರಕ್ಕೆ ಬೇರೆ ಛಾಯೆಯಲ್ಲಿ ತೋರಿಸಿ. ದಕ್ಷಿಣಕ್ಕೆ ತೂಲ್ ನದಿ, ಅದರಾಚೆ ಬೋಗ್ದ್ ಖಾನ್ ಬೆಟ್ಟ.